ಸೆವ್ರಿನ್ ಬಾಯಮ್ಮನ ಓವನ್ ಮೀನು

ಬೆಳಗೋಡಿನ ಸೆವ್ರಿನ್ ಬಾಯಮ್ಮ ಭಾನುವಾರ ಇಗರ್ಜಿಯಿಂದ ಬಂದವರೇ ಕನ್ನಡಕ ಏರಿಸಿ ಕಾಣೆ ಮೀನಿನ ಮುಂದೆ ಕೂರುತ್ತಾರೆ. ಅವರು ಮುಳ್ಳು ಹೆಕ್ಕುವ ಪರಿ ನೋಡಿದರೆ, ತನ್ನಲ್ಲಿ ಇಷ್ಟೊಂದು ಮುಳ್ಳಿತ್ತೆಂದು ಆ ಮೀನಿಗೇ ಗೊತ್ತಿರಲಾರದು. ಆಮೇಲೆ ಆಲೂಗಡ್ಡೆ, ಬಿಳಿ ಸಾಸ್, ಚೀಸ್ ಹೊದಿಸಿ ಓವನ್ನಿಗಿಡುತ್ತಾರೆ. ಪಕ್ಕದ ಮನೆಯ ಗಂಗಾಮಣಿ, “ಏನ್ ಬಾಯಮ್ಮ, ಮೀನನ್ನ ಕೇಕ್ ಮಾಡ್ಬುಟ್ರಲ್ಲ!” ಎಂದು ನಕ್ಕರೆ, “ನನ್ಗೆ ಮುಳ್ಳು ಆಗಲ್ಲ ಕಣೇ, ಗಂಟ್ಲಿಗೆ ಸಿಕ್ಕಿಕೊಳ್ತದೆ” ಎನ್ನುತ್ತಾರೆ, ಒಳಗಿರುವ ಗಂಡ ಹಿಲರಿಯವರಿಗೆ ಕೇಳುವಷ್ಟು ಗಟ್ಟಿಯಾಗಿ. ಪಾರ್ಶ್ವವಾಯುವಾದ ಮೇಲೆ ಹಿಲರಿಯವರ ನಾಲಿಗೆಗೆ ಮುಳ್ಳು ಬಿಡಿಸಲು ಬಾರದು. ಮಂಗಳೂರಿನ ಕಡಲಂಚಿನಲ್ಲಿ ಹುಟ್ಟಿದವರಿಗೆ ಅದೇನು ಸಣ್ಣ ಅವಮಾನವೇ? “ನಿನ್ನಿಂದಾಗಿ ನಾನೂ ಈ ಸಪ್ಪೆ ತಿನ್ಬೇಕಲ್ಲ ಮಾರಾಯ್ತಿ” ಎಂದು ಗೊಣಗುತ್ತ ಅವರು ಎರಡನೆಯ ಸಲ ಬಡಿಸಿಕೊಳ್ಳುವಾಗ, ಬಾಯಮ್ಮ ಅಡುಗೆಮನೆಯಲ್ಲಿ ನಿಂತು, ಸಾರಿಗೆ ಹಾಕಿದ್ದ ಮೀನಿನ ತಲೆಯನ್ನು ಸದ್ದಿಲ್ಲದೆ ಚೀಪುತ್ತಿರುತ್ತಾರೆ.