ಭೀಮ್ಯಾನ ಏಳು ಗಂಟೆಯ ಸೂಜಿ

ಗೋಪನಕೊಪ್ಪದ ಆ ಮನೆಯಲ್ಲಿ ಬೆಳಗಿನ ನೈವೇದ್ಯ ಮುಗಿಯುವವರೆಗೆ ಲಕ್ಷ್ಮೀಬಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಮದುವೆಯಾಗಿ ಬಂದ ಮರುದಿನದಿಂದ ಬಿಡದೆ ನಡೆಸಿಕೊಂಡು ಬಂದ ಮಡಿ ಅದು. ಮಗ ರೋಹಿತ ಚಿಕ್ಕವನಿದ್ದಾಗ ಅಂಗಳದಲ್ಲಿ ಬಿದ್ದು ಮೊಣಕಾಲು ಒಡೆದುಕೊಂಡರೂ ಒಳಗಿನಿಂದಲೇ "ಅರಿಷಿಣ ಹಚ್ಚಿಕೋ" ಎಂದು ಕೂಗಿದ್ದರಂತೆ. ಸೊಸೆ ಸಂಪದಾಗೆ ಈ ಕತೆಯನ್ನು ಅವರೇ ಹೆಮ್ಮೆಯಿಂದ ಹೇಳಿದ್ದರು.

ಹಾಗಾಗಿ ಎರಡು ವರ್ಷದ ಪ್ರಾಚಿ ಬೆಳಿಗ್ಗೆ ಎದ್ದು ಅಡುಗೆಮನೆಯ ಹೊಸ್ತಿಲಲ್ಲಿ ಕೈ ಚಾಚಿ ನಿಂತಾಗ, "ಮುಟ್ಟಬ್ಯಾಡ ಬಂಗಾರ, ಮಡೀಲೆ ಇದ್ದೇನಿ" ಎಂದು ಅಜ್ಜಿ ಹಿಂದೆ ಸರಿಯುವುದನ್ನು ಸಂಪದಾ ಸಹಿಸಿಕೊಂಡಿದ್ದಳು. ಸಹಿಸುವುದೆಂದರೆ, ಅಳುವ ಮಗಳನ್ನು ಎತ್ತಿಕೊಂಡು ಹೋಗಿ ಹಣೆ ಮುಟ್ಟಿ ನೋಡುವುದು, ಇಷ್ಟು ಅತ್ತರೆ ಜ್ವರ ಬರುತ್ತದೋ ಏನೋ ಎಂದು ಫೋನಿನಲ್ಲಿ ಹುಡುಕುವುದು. ಎಲ್ಲರಿಗೂ ಒಂದೇ ನಿಯಮ ಎಂಬುದಷ್ಟೇ ಸಮಾಧಾನ.

ಆ ಸಮಾಧಾನವನ್ನು ಕೆಡಿಸಿದ್ದು ಭೀಮ್ಯಾ.

ಭೀಮ್ಯಾ ಮನೆಯ ಬೆಕ್ಕು. ವರ್ಷಗಟ್ಟಲೆ ಹಾಲು-ಅನ್ನ ತಿಂದು ದಿಂಬಿನಂತಾಗಿದ್ದವನು ಒಮ್ಮೆಲೇ ಇಳಿಯತೊಡಗಿದ. ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯತೊಡಗಿದ. ಪಶುವೈದ್ಯೆ ಶಾಹೀನ ರಕ್ತ ಪರೀಕ್ಷಿಸಿ ಸಕ್ಕರೆ ಕಾಯಿಲೆ ಎಂದರು. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಇನ್ಸುಲಿನ್.

"ಹಾಲು-ಅನ್ನ ಪೂರಾ ಬಂದ್ ಮಾಡ್ರಿ, ಮೀನಿಂದು, ಕೋಳಿದು ಡಬ್ಬಿ ತಿನಿಸು ಹಾಕ್ರಿ. ಲಗೂ ಹತೋಟಿಗೆ ಬಂದ್ರ ಕೆಲವು ಬೆಕ್ಕಿಗೆ ಮುಂದ ಇಂಜೆಕ್ಷನ್ನೇ ಬೇಕಾಗಂಗಿಲ್ರಿ," ಎಂದರು.

ಬೆಳಗಿನ ಏಳೆಂದರೆ ಮಡಿಯ ನಟ್ಟನಡುವೆ. ಈಗ ಏನು ಮಾಡುತ್ತಾರೋ ನೋಡೋಣ ಎಂದು ಸಂಪದಾ ಕಾದಳು. ಲಕ್ಷ್ಮೀಬಾಯಿ ಒಲೆ ಸಣ್ಣ ಮಾಡಿ ಹೊರಬಂದರು. ಹಿತ್ತಲ ಕಲ್ಲಿನ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಮೀನಿನ ಡಬ್ಬಿ ತೆರೆದರು. ಬೆಕ್ಕಿನ ಕಿವಿಯಂಚಿನಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿ, ಅದು ತಿಂದಾದ ಮೇಲೆ ಬೆನ್ನ ಚರ್ಮ ಎತ್ತಿ ಸೂಜಿ ಕೊಟ್ಟರು. ಆಮೇಲೆ ಮತ್ತೊಮ್ಮೆ ತಲೆಮೇಲೆ ನೀರು ಸುರಿದುಕೊಂಡು, ಬೇರೆ ಮಡಿ ಉಟ್ಟು ಒಳಗೆ ಹೋದರು. ಮರುದಿನವೂ ಹಾಗೆಯೇ. ತಿಂಗಳುಗಟ್ಟಲೆ ಹಾಗೆಯೇ.

"ನನಗೂ ಶುಗರ್ ಅದ," ಎಂದು ಮಾವ ಯಜ್ಞೇಶ್ವರರು ಪೇಪರಿನ ಮರೆಯಿಂದ ಗೊಣಗಿದರು. "ನನಗ ಬರೇ ಮೆಂತ್ಯದ ನೀರು. ಮುಂದಿನ ಜನ್ಮದಾಗ ಬಾಲ ಇಟಗೊಂಡು ಹುಟ್ಟತೇನಿ."

"ಹುಟ್ರಿ. ಅದಾದ್ರೂ ಹೇಳಿದ ಮಾತು ಕೇಳತದ," ಎಂದರು ಲಕ್ಷ್ಮೀಬಾಯಿ.

ಸಂಪದಾಗೆ ನಗು ಬರಲಿಲ್ಲ. ನಾಲ್ಕು ಕಾಲಿನದಕ್ಕೆ ಮುರಿಯುವ ಮಡಿ ತನ್ನ ಕೂಸಿಗೆ ಯಾಕೆ ಮುರಿಯುವುದಿಲ್ಲ? "ಬೆಕ್ಕಿನ ಜೋಡಿ ಪೈಪೋಟಿ ಮಾಡ್ತೀಯೇನ?" ಎಂದು ರೋಹಿತ ನಕ್ಕಾಗ ಹೊಟ್ಟೆ ಇನ್ನಷ್ಟು ಉರಿಯಿತು. ಭೀಮ್ಯಾನ ಮೈಗೆ ಮತ್ತೆ ಹೊಳಪು ಬಂತು, ಇನ್ಸುಲಿನ್ ಪ್ರಮಾಣ ಇಳಿಯುತ್ತ ಬಂತು. ಲಕ್ಷ್ಮೀಬಾಯಿ ಎದುರುಮನೆಯವರಿಗೆಲ್ಲ ಅದನ್ನೇ ಹೇಳಿದರು. ಪ್ರಾಚಿ ಹೊಸದಾಗಿ ಕಲಿತ ಮಾತುಗಳನ್ನು ಯಾರಿಗಾದರೂ ಹೇಳಿದ್ದರೇ? ಸಂಪದಾ ಇಂಥ ಲೆಕ್ಕಗಳನ್ನು ಮನಸ್ಸಿನಲ್ಲೇ ಇಟ್ಟುಕೊಂಡಳು.

ಆಮೇಲೆ ಯಜ್ಞೇಶ್ವರರ ತಾಯಿಯ ಶ್ರಾದ್ಧದ ದಿನ ಬಂತು. ಆ ದಿನದ ಅಡುಗೆಯ ನಡುವೆ ಮಾತ್ರ ಹೊರಬರುವಂತಿಲ್ಲ.

"ಸಂಪದಾ, ಇವತ್ತ ನೀ ಕೊಡವಾ. ಮೊದಲ ಶುಗರ್ ನೋಡು."

"ಕೊಡತೇನ್ರಿ ಅತ್ಯಾ."

ಹೊಸ್ತಿಲಲ್ಲಿ ಪ್ರಾಚಿ ಎಂದಿನಂತೆ ಅಳುತ್ತಿದ್ದಳು. ಭೀಮ್ಯಾ ಹಿತ್ತಲಲ್ಲಿ ನಿಧಾನವಾಗಿ ಮೀನು ತಿಂದು, ಮೀಸೆ ನೆಕ್ಕಿಕೊಂಡು, ಸೂಜಿಗೆ ಬೆನ್ನು ಕೊಟ್ಟು ಕುಳಿತ, ಸೇವೆ ಮಾಡಿಸಿಕೊಳ್ಳುವ ಯಜಮಾನನಂತೆ. ಸಂಪದಾ ಅವನನ್ನು ನೋಡಿದಳು, ಮಗಳನ್ನು ನೋಡಿದಳು. ಔಷಧ ತುಂಬದ ಸಿರಿಂಜನ್ನು ಹಾಗೆಯೇ ಡಬ್ಬಿಯಲ್ಲಿಟ್ಟು ಮುಚ್ಚಿದಳು.

"ಕೊಟ್ಟಿಯೇನ? ಎಷ್ಟಿತ್ತ ಶುಗರ್?"

"ಕೊಟ್ಟೆ. ಛಲೋ ಇತ್ತು."

ಸೇಡು ತೀರಿಸಿಕೊಂಡ ಸುಖ ಎಲೆ ಹಾಕುವ ಹೊತ್ತಿಗೇ ಇಳಿದುಹೋಯಿತು. ದಿನವಿಡೀ ಬೆಕ್ಕಿನ ಹಿಂದೆಯೇ ಅಲೆದಳು. ನೀರು ಜಾಸ್ತಿ ಕುಡಿಯುತ್ತಿದೆಯೇ? ಸುಸ್ತಾಗಿದೆಯೇ? ಭೀಮ್ಯಾ ಆರಾಮವಾಗಿ ಬಿಸಿಲು ಕಾಯಿಸಿಕೊಂಡು ಮಲಗಿದ್ದ.

ಸಂಜೆ ಲಕ್ಷ್ಮೀಬಾಯಿಯೇ ಸಕ್ಕರೆ ನೋಡಿದರು. ನೂರಾ ಹದಿನೆಂಟು.

"ನೋಡ್ರಿ, ಔಷಧ ಹೆಂಗ ನಾಟೇದ!" ಎಂದು ಹಿಗ್ಗಿ, ಎಂದಿನ ಸಣ್ಣ ಪ್ರಮಾಣವನ್ನು ಸಿರಿಂಜಿಗೆ ಎಳೆದುಕೊಂಡು ಬೆಕ್ಕಿನ ಚರ್ಮ ಎತ್ತಿದರು.

ಸಂಪದಾ ಓಡಿ ಹತ್ತಿರ ಬಂದಳು. ಔಷಧವಿಲ್ಲದೆಯೇ ಇಷ್ಟಕ್ಕೆ ಬಂದಿದೆ. ಅದರ ಮೇಲೆ ಇನ್ಸುಲಿನ್ ಬಿದ್ದರೆ ಸಕ್ಕರೆ ಕುಸಿಯುತ್ತದೆ. ಹಾಗೆ ಕುಸಿದರೆ ಬೆಕ್ಕು ಉಳಿಯುವುದೇ ಕಷ್ಟವೆಂದು ಡಾಕ್ಟರು ಮೊದಲ ದಿನವೇ ಎಚ್ಚರಿಸಿದ್ದರು.

"ಅತ್ಯಾ, ಚುಚ್ಚಬ್ಯಾಡ್ರಿ! ಮುಂಜಾನೆ ನಾ ಕೊಟ್ಟೇ ಇಲ್ಲ."

ಲಕ್ಷ್ಮೀಬಾಯಿಯ ಕೈ ಅಲ್ಲೇ ನಿಂತಿತು. "ಮತ್ತ ಕೊಟ್ಟೆ ಅಂದಿ?"

"ಸುಳ್ಳ ಹೇಳಿದೆ. ಇದಕ್ಕ ದಿನಾ ಮಡಿ ಬಿಡತೀರಿ. ಪ್ರಾಚಿ ದಿನಾ ಅಳತದ, ಅದಕ್ಕ ಒಂದ ದಿನಾನೂ ಬಿಡಲಿಲ್ಲ ನೀವು."

"ಅದಕ್ಕ ಮೂಕಪ್ರಾಣಿ ಮ್ಯಾಲೆ ಸಿಟ್ಟ ತೀರಿಸಿದಿ? ನನ್ನ ಮ್ಯಾಲೆ ತೀರಿಸಬೇಕಿತ್ತಿಲ್ಲೋ? ನನಗೇನ ಕಿವಿ ಇಲ್ಲೇನು?" ಎಂದು ಸಿರಿಂಜು ಕೆಳಗಿಟ್ಟು ಡಾಕ್ಟರಿಗೆ ಫೋನು ಹಚ್ಚಿದರು. ಸೊಸೆಯ ಮುಖ ನೋಡಲಿಲ್ಲ.

ಇವತ್ತು ಕೊಡಬೇಡಿ, ನಾಳೆ ಮತ್ತೆ ನೋಡಿ, ಎಂದರು ಶಾಹೀನ. ಮರುದಿನವೂ ಸಕ್ಕರೆ ಏರಲಿಲ್ಲ. ಅದರ ಮುಂದಿನ ವಾರಗಳಲ್ಲೂ ಏರಲಿಲ್ಲ. ಆಗಾಗ ಪರೀಕ್ಷಿಸುತ್ತಿರಿ, ಹಾಲು-ಅನ್ನದ ಕಡೆ ಮಾತ್ರ ತಿರುಗಿ ನೋಡಬೇಡಿ, ಎಂದು ಡಾಕ್ಟರು ಸೂಜಿ ನಿಲ್ಲಿಸಿದರು. ಅತ್ತೆ ಆ ಸುದ್ದಿಯನ್ನೂ ಸಂಪದಾಗೆ ಹೇಳದೆ, ಅವಳಿಗೆ ಕೇಳುವಂತೆ ಗೋಡೆಗೆ ಹೇಳಿದರು.

ಒಂದು ಬೆಳಿಗ್ಗೆ ಏಳಕ್ಕೆ ಲಕ್ಷ್ಮೀಬಾಯಿ ರೂಢಿಯಂತೆ ಒಲೆ ಸಣ್ಣ ಮಾಡಿ ಹೊರಬಂದರು. ಹೊಸ್ತಿಲಲ್ಲಿ ಭೀಮ್ಯಾ ಕುಳಿತಿದ್ದ, ಪಕ್ಕದಲ್ಲಿ ಪ್ರಾಚಿ ಕೈ ಚಾಚಿ ನಿಂತಿದ್ದಳು. ಬೆಕ್ಕಿಗೆ ಚುಚ್ಚುವ ಸೂಜಿ ಇನ್ನಿರಲಿಲ್ಲ. ಅವರು ಬಾಗಿ ಕೂಸನ್ನು ಎತ್ತಿಕೊಂಡರು.

"ಹೆಂಗೂ ಎರಡನೇ ಸ್ನಾನ ರೂಢಿ ಆಗೇದ," ಎಂದರು, ಈ ಸಲವೂ ಗೋಡೆಗೇ.

ಅಂದಿನಿಂದ ಅದೇ ನಡೆಯಿತು. ಸ್ವಲ್ಪ ದಿನ ಕಳೆದ ಮೇಲೆ ಸಂಪದಾ, "ಬಾ ಪುಟ್ಟಿ, ಹಲ್ಲ ತಿಕ್ಕೋಣು" ಎಂದು ಕೈ ಚಾಚಿದಳು.

"ಅಮ್ಮ ಬ್ಯಾಡ," ಎಂದು ಪ್ರಾಚಿ ಅಜ್ಜಿಯ ಕುತ್ತಿಗೆಯಲ್ಲಿ ಮುಖ ಮುಚ್ಚಿಕೊಂಡಳು.

ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಸಂಪದಾ ಬಗ್ಗಿ ಬೆಕ್ಕನ್ನು ಎತ್ತಿಕೊಂಡಳು.