ಬಿತ್ತನೆ ಮರದೊಳಗಿನ ಕಟಕಟ

ದಬ್ಬೇಘಟ್ಟದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ಒಂದು ತೆಂಗಿನ ಮರವಿತ್ತು. ಸಸಿ ಮಾಡಲು ಚಿಕ್ಕಮ್ಮ ಅದರ ಕಾಯಿ ಬಿಟ್ಟು ಬೇರೆಯದನ್ನು ಮುಟ್ಟಿದವಳಲ್ಲ. ಎರಡು ಸಾವಿರದ ಇಸವಿಯ ಆಚೀಚೆ, ಒಂದು ಬೇಸಿಗೆಯಲ್ಲಿ, ಅದರ ಬುಡದಿಂದ ಕಂದು ರಸ ಸೋರತೊಡಗಿತು. ಚಿಕ್ಕಪ್ಪ ಕಾಂಡಕ್ಕೆ ಕಿವಿಯಿಟ್ಟರು.

“ಕೆಂಪು ಮೂತಿ ಹುಳ ಕಣೇ. ಮೇಲ್ಗಂಟ ಕಟಕಟ ಅಂತೈತೆ. ಮುಂದಿನ್ ಸೋಮವಾರ ಕಡಿಸಿಬುಡ್ತೀನಿ.”

ಹುಳು ಸುಳಿ ಸೇರಿದ್ದರೆ ಮರ ಉಳಿಯುವುದಿಲ್ಲ. ಬುಡದಲ್ಲೇ ಇದ್ದರೆ ಔಷಧಿಯಿಂದ ಉಳಿಸಬಹುದು. ತಿಪಟೂರಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ ನಾನು, ಹುಳು ಎಲ್ಲಿದೆಯೆಂದು ಕಂಪ್ಯೂಟರಿನಲ್ಲಿ ಹುಡುಕಿಕೊಡುತ್ತೇನೆ, ಅಲ್ಲಿಯತನಕ ಕೊಡಲಿ ಮುಟ್ಟಬೇಡಿ ಎಂದೆ.

“ನಿನ್ ಕಂಪ್ಯೂಟ್ರು ಮುಗಿಸ್ಲಿ ಅಂತ ಹುಳ ಊಟ ಬುಟ್ಟು ಕಾಯ್ತದಾ?”

“ಸುಮ್ನಿರ್ರೀ,” ಎಂದಳು ಚಿಕ್ಕಮ್ಮ. “ಮೂರ್ ಸಲ ಕರೆದ್ರೆ ಓ ಅನ್ನೋ ಕಿವಿ ನಿಮ್ದು.”

ಬುಡ, ನಡು, ಮೇಲೆ ಮೊಳೆ ಹೊಡೆದು, ಮೊಳೆಗೆ ಪುಟ್ಟ ಮೈಕ್ ಅಂಟಿಸಿ, ಸದ್ದನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿಕೊಂಡು ಹೋದೆ. ಸದ್ದನ್ನು ಸ್ವರಗಳಾಗಿ ಬಿಡಿಸುವ ಮಾಮೂಲಿ ಲೆಕ್ಕ ಯಾವ ಯಾವ ಸ್ವರ ಇದೆಯೆಂದು ಹೇಳಿತೇ ಹೊರತು ಯಾವಾಗ ಬಂತೆಂದು ಹೇಳಲಿಲ್ಲ. ಹುಳುವಿನ ಕಡಿತ ಗಾಳಿಯೊಳಗೆ ಕರಗಿಹೋಯಿತು. ಆಗ ವೇವ್‌ಲೆಟ್ ಹಿಡಿದೆ. ಎದ್ದ ಜಾಗದಲ್ಲೇ ಅಡಗುವ ಒಂದು ಪುಟ್ಟ ಅಲೆ ಅದು. ಅದನ್ನು ಹಿಗ್ಗಿಸಿ ಸದ್ದಿನುದ್ದಕ್ಕೂ ಸರಿಸಿದರೆ ಮರದ ತೂಗಾಟ ಸಿಗುತ್ತದೆ. ಕುಗ್ಗಿಸಿ ಸರಿಸಿದರೆ ರೆಪ್ಪೆ ಬಡಿಯುವಷ್ಟು ಹೊತ್ತಿನ ಕಡಿತ, ಅದು ಬಂದ ಗಳಿಗೆಯ ಸಮೇತ.

ಮೂರನೆಯ ದಿನ ಲೆಕ್ಕ ಮುಗಿಯಿತು. ಮೂರೂ ಕಡೆ ಕಟಕಟ! ಮೇಲೂ! ಸೋಲೊಪ್ಪಲು ಮನಸ್ಸು ಬರಲಿಲ್ಲ. ಅಲೆಯನ್ನು ಇನ್ನೊಂದು ಪಟ್ಟು ಹಿಗ್ಗಿಸಿ ನೋಡಿದೆ. ಬುಡದ ಕಡಿತಗಳು ಥಟ್ಟನೆ ಸಾಯುತ್ತಿದ್ದವು. ನಡುವಿನ, ಮೇಲಿನ ಸದ್ದುಗಳಿಗೆ ಗುಂಯ್ಯೆನ್ನುವ ಬಾಲವಿತ್ತು. ನಾರಿನ ಕಾಂಡ ಹಾಗೆ ಗುಂಯ್ಗುಡುವುದಿಲ್ಲ. ಆಗ ಹೊಳೆಯಿತು: ಇಲಿ ಹತ್ತದಿರಲೆಂದು ಕಾಂಡಕ್ಕೆ ಸುತ್ತಿ ಹೊಡೆದ ತಗಡು, ಬಿಸಿಲಿಗೆ ಹಿಗ್ಗಿ ಮಿಡಿಯುತ್ತಿತ್ತು. ಬಾಲವಿದ್ದವನ್ನೆಲ್ಲ ತೆಗೆದುಹಾಕಿದೆ. ಉಳಿದದ್ದು ಬುಡದಲ್ಲಿ ಮಾತ್ರ.

“ತಗಡಾ? ನಾನೇ ಹೊಡೆದಿದ್ದು ಕಣೇ!” ಎಂದರು ಚಿಕ್ಕಪ್ಪ, ನಾನು ಫೋನಿನಲ್ಲಿ ತಿಳಿಸಿದಾಗ.

ಭಾನುವಾರ ಅವರೇ ತೂತು ಕೆದಕಿ, ಔಷಧಿ ಬಿಟ್ಟು, ಜೇಡಿಮಣ್ಣು ಮೆತ್ತಿದರು. ಸೋಮವಾರ ಮರ ಕಡಿಯುವವರನ್ನು ಕಾಫಿ ಕೊಟ್ಟು ಕಳಿಸಿದರು. ನಾನು ಮುಂದಿನ ಭಾನುವಾರ ಹೋದೆ: ಕಡಿತ ಕಡಿಮೆಯಾಗಿತ್ತು. ಅದರ ಮುಂದಿನ ವಾರ ಒಂದೂ ಇರಲಿಲ್ಲ. ಒಂದು ವಾರದ ಮೌನವನ್ನು ನಂಬುವುದು ಹೇಗೆ? ಮಳೆ ಹಿಡಿಯುವವರೆಗೂ ಪ್ರತಿ ವಾರ ಬಸ್ಸು ಹತ್ತಿದೆ; ಕಟಕಟ ಮತ್ತೆ ಕೇಳಲಿಲ್ಲ.