ಅವಳ ಅಂಗೈಯಲ್ಲಿ ಇಲೋವಾಚಾ

ಕ್ರೊಯೇಷಿಯನ್ ಭಾಷೆಯ ಮಣ್ಣುವಿಜ್ಞಾನವನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಮುಳಬಾಗಿಲಿನಲ್ಲಿ ಕೂತು ಇಂಥದ್ದೊಂದು ಮಾಡುತ್ತೇನೆಂದರೆ ನೆಂಟರು ಈಗಲೂ ನಂಬುವುದಿಲ್ಲ. ಓದಲೆಂದು ಆ ದೇಶಕ್ಕೆ ಹೋಗಿ, ಕೆಲವು ವರ್ಷ ಚಳಿಗೆ ಹೆದರಿಕೊಂಡು ಬದುಕಿ, ಭಾಷೆ ಕಲಿತು ಬಂದೆ. "ಇಡೀ ಜಿಲ್ಲೆಗೇ ಬೇಡದ ಭಾಷೆ ಕಲ್ತ್ಕೊಂಡು ಬಂದಿದ್ದೀರಲ್ರೀ" ಎನ್ನುತ್ತಿದ್ದಳು ಹೆಂಡತಿ. ಆ ಭಾಷೆ ನಮಗೆ ಅನ್ನ ಹಾಕುತ್ತಿದ್ದುದು ಮಾತ್ರ ಅವಳ ಬಲಗೈಯ ದಯೆಯಿಂದ.

ಅಲ್ಲಿನ ಹಳೆಯ ವರದಿಗಳಲ್ಲಿ 'ಇಲೋವಾಚಾ' ಎಂಬ ಪದ ಬರುತ್ತದೆ. ನಿಘಂಟು ಅದನ್ನು ಲೋಮ್ ಎನ್ನುತ್ತದೆ, ಅಂದರೆ ನಮ್ಮ ಗೋಡುಮಣ್ಣು. ಆದರೆ ಬರೆದವರು ಒಬ್ಬೊಬ್ಬರು ಒಂದೊಂದು ಮಣ್ಣಿಗೆ ಆ ಹೆಸರು ಕೊಟ್ಟಿರುತ್ತಾರೆ. ಒದ್ದೆ ಮಾಡಿ ಹೊಸೆದರೆ ಬತ್ತಿಯಾಗುತ್ತದೆ, ಬಗ್ಗಿಸಿದರೆ ಬಿರುಕು ಬಿಡುತ್ತದೆ ಎಂದೆಲ್ಲ ಜೊತೆಗೆ ವಿವರಿಸಿರುತ್ತಾರೆ. ಅದನ್ನು ನಾನು ಓದಿ ಹೇಳುತ್ತಿದ್ದೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ದುಡಿದಿದ್ದ ಅವಳು ಲಕ್ಕೂರಿನ ಕೆರೆಗೋಡು, ಕುರುಡುಮಲೆಯ ಕೆಮ್ಮಣ್ಣು ಎಂದು ಡಬ್ಬಿಗಳಿಂದ ತೆಗೆದು, ನೀರು ಚಿಮುಕಿಸಿ ಹೊಸೆಯುತ್ತಿದ್ದಳು. ವರದಿಯಲ್ಲಿ ಹೇಳಿದಂತೆ ನಡೆದುಕೊಳ್ಳುವ ಮಣ್ಣು ಸಿಕ್ಕಿತೋ, ಲ್ಯಾಬಿನಲ್ಲಿ ಅದಕ್ಕಿದ್ದ ಇಂಗ್ಲಿಷ್ ಹೆಸರು ಸಿದ್ಧ.

"ಬರ್ಕೊಳ್ಳಿ, ಬರೀ ಲೋಮ್ ಅಲ್ಲ, ಕ್ಲೇ ಲೋಮ್. ಮುಖ ಯಾಕೆ ಹಂಗ್ ಮಾಡ್ಕೋತೀರ? ಕ್ರೊಯೇಷಿಯಾದೋರು ಮುಳಬಾಗಿಲಿಗೆ ಬಂದು ಹೊಡೆಯಲ್ಲ."

ಹೋದ ಬೇಸಿಗೆಯಲ್ಲಿ ಅವಳಿಗೆ ಸ್ಟ್ರೋಕ್ ಆಯಿತು. ಮಾತು ಉಳಿಯಿತು, ನಡಿಗೆ ಮರಳಿತು. ಬಲಗೈಯನ್ನು ಎತ್ತುತ್ತಾಳೆ, ಕಣ್ಣಿಟ್ಟು ನೋಡಿಕೊಂಡು ಲೋಟ ಹಿಡಿಯುತ್ತಾಳೆ; ಸ್ಪರ್ಶ ಮಾತ್ರ ತಿಳಿಯುವುದಿಲ್ಲ. ಬಂದರೂ ಬರಬಹುದು, ಕಾಯಿರಿ ಎಂದರು ಕೋಲಾರದ ಡಾಕ್ಟರು. ಕಾಯುವುದು ನನಗೆ ಹತ್ತದ ವಿದ್ಯೆ. ಬಂತಾ, ಬಂತಾ ಎಂದು ದಿನವೂ ಕೇಳಿ, "ಕೈ ಬರೋ ಹೊತ್ಗೆ ಕಿವಿ ಹೋಗಿರುತ್ತೆ" ಎಂದು ಬೈಸಿಕೊಂಡೆ.

ಹೊಸದೊಂದು ವರದಿ ಇದೇ ಪದಕ್ಕೆ ಬಂದು ನಿಂತಿದ್ದಾಗ, ಒಂದು ಬೆಳಿಗ್ಗೆ ಅವಳೇ, "ಡಬ್ಬಿ ತನ್ರೀ, ನೋಡೇ ಬಿಡೋಣ" ಎಂದಳು. ಕಲ್ಲು ಚುಚ್ಚೀತೆಂದು ನಾನು ಕೆರೆಗೋಡನ್ನು ಎರಡೆರಡು ಸಲ ಜರಡಿ ಹಿಡಿದೆ. ಚುಚ್ಚಿದ್ದು ಅವಳಿಗೆ ತಿಳಿಯಲಿ ಎಂದು ತಾನೇ ಇಷ್ಟು ದಿನ ಬೇಡಿಕೊಂಡದ್ದು! ನನ್ನ ತಲೆ ಓಡುವುದೇ ಹೀಗೆ. ನೋಡಿ ಹೇಳಿದಂತಾಗಬಾರದೆಂದು ಅವಳು ಕಣ್ಣು ಮುಚ್ಚಿ ಕೈ ಚಾಚಿದಳು. ಹದವಾಗಿ ಕಲಸಿದ ಸಣ್ಣ ಉಂಡೆಯನ್ನು ಅಂಗೈಯ ನಡುವೆ ಇಟ್ಟು ನನ್ನ ಕೈ ಹಿಂದಕ್ಕೆ ತೆಗೆದುಕೊಂಡೆ.

ಅವಳ ತುಟಿಯಲ್ಲಿ ಆಗಲೇ ನಗು ಇತ್ತು.

"ಇಡ್ರೀ ಬೇಗ. ಇದಕ್ಕೂ ಭಯಾನಾ?"

"ಇರು, ಇನ್ನೂ ಕಲಸ್ತಿದೀನಿ" ಎಂದು ಉಂಡೆಯನ್ನು ಮೆಲ್ಲಗೆ ತೆಗೆದುಕೊಂಡೆ. ನನ್ನ ದನಿ ಅಷ್ಟು ಚೆನ್ನಾಗಿ ಸುಳ್ಳು ಹೇಳಲಾರದು. ಅವಳು ಕಣ್ಣು ಬಿಟ್ಟಳು. ಅಂಗೈಯಲ್ಲಿ ದುಂಡಗೆ ಒದ್ದೆ ಮಣ್ಣಿನ ಗುರುತು. ಅದನ್ನೇ ಸ್ವಲ್ಪ ಹೊತ್ತು ನೋಡಿ, ಸೆರಗಿಗೆ ಒರೆಸಿಕೊಂಡಳು.

"ಡಿಕ್ಷನರೀಲಿ ಇರೋದನ್ನೇ ಹಾಕ್ಬಿಡಿ."

ಪದ ಬಂದ ಕಡೆಯಲ್ಲೆಲ್ಲ ಲೋಮ್ ಎಂದೇ ಹಾಕಿ ಆ ವರದಿಯನ್ನು ಕಳಿಸಿದೆ. ತಪ್ಪೆಂದು ಇದುವರೆಗೆ ಯಾರೂ ಹೇಳಿಲ್ಲ.